ಎದುರುಬೆಂಕಿ ಹಚ್ಚಿದ ಹೊನ್ನಯ್ಯ

ಹೊನ್ನಯ್ಯನ ಸ್ನೇಹ ಅಂದರೆ ಸುಮ್ಮನೆ ಅಲ್ಲ. ಕಾಡಿನಲ್ಲಿ ಬೀಡಿ ಹಚ್ಚಿದ ಅಂತ ಸ್ವಂತ ಮಾವನ ಬಾಯಿಂದಲೇ ಬೀಡಿ ಕಿತ್ತು ತುಳಿದ ಆಸಾಮಿ. ಹನ್ನೆರಡು ವರ್ಷದಿಂದ ಭದ್ರಾವತಿ ಕಡೆಯ ಕಾಡಿಗೆ ಬೆಂಕಿ ಕಾವಲುಗಾರ. ಶಿವರಾತ್ರಿ ಕಳೆದು ಮೊದಲ ಮಳೆ ಬೀಳೋವರೆಗೆ ಹೆಂಡತಿ ಸುವರ್ಣಮ್ಮನಿಗೆ ಗಂಡ ಇದ್ದೂ ಇಲ್ಲ. ಅವಳು ಬೈತಿದ್ದಳು. ಬೈಯದೆ ಇನ್ನೇನು ಮಾಡ್ತಾಳೆ, ಪಾಪ!

ಸಾವಿರದ ಒಂಬೈನೂರ ಮೂವತ್ತಾರು. ಯುಗಾದಿಯ ಮಾರನೇ ದಿನ ಹೆಂಗೋ ಒಂದು ರಜ ಸಿಕ್ಕಿತು. ಅವತ್ತು ವರ್ಷತೊಡಕು, ಏನಾಗುತ್ತೋ ಅದೇ ವರ್ಷವಿಡೀ ಬೆನ್ನು ಹತ್ತುತ್ತೆ ಅಂತಾರೆ. ಬಾಲ್ಯದ ಗೆಳೆಯರಿಬ್ಬರು ಜೊತೆಯಾದರು: ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಗೆ ಇದ್ದಿಲು ಸುರಿಯೋ ಕರಿಯಣ್ಣ, ಶಿವಮೊಗ್ಗದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ ಭೈರಪ್ಪ. ಭದ್ರಾ ಹೊಳೆಗುಂಟ ಕಾಡಿನೊಳಗೆ ನಡೆದು, ಮಡುವಿನ ಹತ್ತಿರ, ಕರಿಯಣ್ಣನ ಅವ್ವ ಪಾತ್ರೆಯಲ್ಲಿ ಕೊಟ್ಟು ಕಳಿಸಿದ ಬಾಡು ಉಂಡರು.

ಹೊಂಗೆ ಚಿಗುರಿತ್ತು. ಆದರೆ ಪಡುವಣ ಗುಡ್ಡದ ಮೇಲೆ ಬೆಳಗಿನಿಂದ ಹೊಗೆ. ಹೊನ್ನಯ್ಯ ತುತ್ತಿಗೊಮ್ಮೆ ಅತ್ತ ನೋಡ್ತಿದ್ದ. ಹಕ್ಕಿ ಒಂದೂ ಕೂಗಲಿಲ್ಲ. ಒಂದು ಕಡವೆ ಮನುಷ್ಯರ ಭಯವೂ ಇಲ್ಲದೆ ಪಕ್ಕದಲ್ಲೇ ಓಡಿ ಹೊಳೆಗೆ ಬಿತ್ತು.

"ಏಳ್ರೋ, ಹೋಗೋಣ" ಅಂದ ಹೊನ್ನಯ್ಯ. ಅವನಿಗೆ ಹೆದರಿಕೆಯಾಗಿತ್ತು.

"ರಜದ ದಿನವೂ ನಿನ್ನ ಗೋಳು ತಪ್ಪಲಿಲ್ಲ ಮಾರಾಯ" ಅಂತ ಭೈರಪ್ಪ ಗೊಣಗಿದ.

ಹಿಂದಿರುಗಿ ಬೆಂಕಿಗೆರೆ ದಾಟಿದರು. ಬೆಂಕಿ ಹಾಯದಿರಲಿ ಅಂತ ತರಗೆಲೆ ಗುಡಿಸಿ ಬೋಳು ಮಾಡಿದ ಪಟ್ಟಿ ಅದು. ಅದರಾಚೆ ಕಾಡು, ಈಚೆ ಇದ್ದಿಲು ಸುಡುವವರ ಹನ್ನೊಂದು ಗುಡಿಸಲು, ತುಂಬ ಹೆಂಗಸರು, ಮಕ್ಕಳು. ಅಲ್ಲಿಗೆ ಬಂದಮೇಲೆ ಕರಿಯಣ್ಣ ಹಣೆ ಬಡಿದುಕೊಂಡ. ಪಾತ್ರೆ ಮಡುವಿನ ಹತ್ತಿರವೇ ಉಳಿದಿತ್ತು.

"ಹಾಳಾಗ್ಲಿ, ಬಿಡೋ!" ಅಂದ ಹೊನ್ನಯ್ಯ.

"ಬಿಟ್ಟು ಹೋದ್ರೆ ಅವ್ವ ಚರ್ಮ ಸುಲೀತಾಳೆ. ದಿನಾ ಕುಲುಮೆ ಮುಂದೆ ನಿಲ್ಲೋನಿಗೆ ಹೊಗೆ ತೋರಿಸ್ತೀಯಾ?" ಅಂತ ನಗುತ್ತಾ ಕರಿಯಣ್ಣ ಮತ್ತೆ ಗೆರೆ ದಾಟಿ ಮಡುವಿನ ಕಡೆ ಹೋದ.

ಗಾಳಿ ಎದ್ದಿತು. ಒಣಬಿದಿರು ಢಮ್ ಢಮ್ ಸಿಡಿಯತೊಡಗಿತು. ಬೆಂಕಿ ಗುಡ್ಡ ಇಳಿದು ಇತ್ತಲೇ ಬರ್ತಿತ್ತು. ಕಿಡಿಗಳು ಆಗಲೇ ಗೆರೆ ಹಾರಿ ಗುಡಿಸಲಿನ ಸೋಗೆ ಮೇಲೆ ಬೀಳ್ತಿದ್ದವು. ಯಲ್ಲಮ್ಮ ಅನ್ನೋ ಹಸಿ ಬಾಣಂತಿ ಕೂಸನ್ನು ಅವಚಿಕೊಂಡು ಏಳಲಾರದೆ ಕೂತಿದ್ದಳು. ಉಳಿದದ್ದು ಒಂದೇ ದಾರಿ: ಗೆರೆಯಾಚೆಯ ಕಾಡಿಗೆ ತಾನೇ ಬೆಂಕಿ ಹಚ್ಚಬೇಕು, ಬರೋ ಬೆಂಕಿಗೆ ತಿನ್ನಲು ಏನೂ ಉಳಿಯಬಾರದು.

ಹೊನ್ನಯ್ಯ ಕಡ್ಡಿಪೆಟ್ಟಿಗೆ ತೆಗೆದ. ಭೈರಪ್ಪ ಅವನ ರಟ್ಟೆ ಹಿಡಿದ. "ಕರಿಯಣ್ಣ ಒಳಗಿದ್ದಾನಲ್ಲೋ!"

ಹೊನ್ನಯ್ಯ ಗಂಟಲು ಹರಿಯೋ ಹಾಗೆ ಮೂರು ಸಲ ಕೂಗಿದ. ಭೈರಪ್ಪನನ್ನು ನೂಕಿ ಕಡ್ಡಿ ಗೀರಿದ. ಗಾಳಿಗೆ ಮೊದಲ ಕಡ್ಡಿ ಆರಿಹೋಯಿತು. ಎರಡನೆಯದು ಹತ್ತಿಕೊಂಡಿತು.

ಗುಡಿಸಲು ಒಂದೂ ಸುಡಲಿಲ್ಲ. ಸಂಜೆ ಇಳಿಯೋ ಹೊತ್ತಿಗೆ ಹೊಳೆಯ ನೀರಿನಲ್ಲಿ ತೆವಳಿಕೊಂಡು ಕರಿಯಣ್ಣ ಬಂದ. ಕೂದಲು ಸೀದಿತ್ತು, ಎಡಗೈ ಬೆಂದು ಬೊಬ್ಬೆ ಎದ್ದಿತ್ತು.

"ನೀನು ಹೊಳೆ ದಾಟಿದ್ದೀಯ ಅಂದ್ಕೊಂಡ್ವಿ ಕಣೋ!" ಅಂತ ಸುಳ್ಳಾಡಿ ಭೈರಪ್ಪ ಅಳುತ್ತಾ ಅವನತ್ತ ಓಡಿದ.

ಕರಿಯಣ್ಣ ಹೊನ್ನಯ್ಯನನ್ನೇ ನೋಡಿದ. "ಎರಡೂ ಕಡೆಯಿಂದ ಬಂತು. ಈ ಕಡೇದು ಹಚ್ಚಿದ್ದು ಯಾರು?"

"ನಾನು."

"ನಾನು ಒಳಗಿರೋದು ಗೊತ್ತಿತ್ತಾ?"

ಇಲ್ಲ ಅನ್ನೋ ಒಂದು ಸುಳ್ಳು ಸಾಕಿತ್ತು. ಭೈರಪ್ಪ ಕಣ್ಣಲ್ಲೇ ಕೈ ಮುಗಿದ.

"ಗೊತ್ತಿತ್ತು" ಅಂದ ಹೊನ್ನಯ್ಯ.

ಕರಿಯಣ್ಣ ಬೆಂದ ಕೈಯನ್ನು ಎದೆಗೊತ್ತಿಕೊಂಡು ಊರ ಕಡೆ ಒಬ್ಬನೇ ನಡೆದ. ಆಮೇಲೆ ಹೊನ್ನಯ್ಯ ಹದಿನೆಂಟು ವರ್ಷ ಬದುಕಿದ್ದ. ಕರಿಯಣ್ಣ ಅವನ ಹೆಣಕ್ಕೂ ಬರಲಿಲ್ಲ.