ಆಕಾಶದ ಕಲ್ಲಿಗೆ ಎರೆದ ಎಳನೀರು

ಆ ಕಲ್ಲನ್ನು ಮುಟ್ಟಿದವಳು ನಾನು, ರಘು. ನೀನು ಕೇಳಿದ ದಿನ ಇಲ್ಲವೆಂದೆ. ನಿನ್ನ ಮೊದಲ ಮಾಸಿಕವೂ ಮುಗಿಯಿತು. ಹೇಳಬೇಕಾದ ಮಾತನ್ನು ಮಾತ್ರ ಇನ್ನೂ ಹೇಳಿಲ್ಲ.

ನಾನು ಎಸ್ಸೆಸ್ಸೆಲ್ಸಿಗೆ ನಿಂತವಳು. ನೀನು ಗ್ರಹಗಳ ಕಲ್ಲುಮಣ್ಣನ್ನು ಓದುವ ವಿಜ್ಞಾನಿಯಾದೆ. ವೈಯಾಲಿಕಾವಲ್ ಮನೆಯ ಜಗುಲಿಯಲ್ಲಿ ಕುಳಿತು ನೀನು ಮಂಗಳನ ಒಣಗಿದ ನದಿಗಳ ಬಗ್ಗೆ ಹೇಳುತ್ತಿದ್ದರೆ, ಅವರೆಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತುಬಿಡುತ್ತಿತ್ತು. ನಾನು ಎತ್ತಿ ಆಡಿಸಿದ ತಮ್ಮನೇ ಇವನು— ಎಂದು ನೋಡುತ್ತಿದ್ದೆ.

ತೊಂಬತ್ತರ ದಶಕದ ಮಾತು. ಯಾವುದೋ ಹಳ್ಳಿಯ ಹೊಲದಲ್ಲಿ ಉಲ್ಕೆ ಬಿತ್ತೆಂದು ನೀನು ಓಡಿಹೋಗಿ, ಶಿವರಾತ್ರಿಯ ಹಿಂದಿನ ದಿನ ಅದನ್ನು ಮನೆಗೆ ತಂದೆ. ರಜೆ ಇದ್ದುದರಿಂದ ನಿನ್ನ ಪ್ರಯೋಗಾಲಯಕ್ಕೆ ಬೀಗ. ತೆಂಗಿನಕಾಯಿಯಷ್ಟು ದೊಡ್ಡದು, ಸುಟ್ಟ ಕಪ್ಪು, ಒಂದು ಬದಿ ಒಡೆದು ಸಣ್ಣ ಸಣ್ಣ ಬಿರುಕು. ಹತ್ತಿಯ ಮೇಲಿಟ್ಟು ಹೇಳಿದೆ: "ಕೈ ಹಾಕ್ಬೇಡ ಕಣಕ್ಕಾ. ಇದು ಭೂಮಿಗಿಂತ ಹಳೇದು. ನಿನ್ನ ಶಿವನ ಓರಗೆಯವನು."

ನೀನು ನಕ್ಕೆ. ನನಗೆ ನಗು ಬರಲಿಲ್ಲ.

ಮರುದಿನ ಇನ್ನಷ್ಟು ಚೂರು ಸಿಗಬಹುದೆಂದು ನೀನು ಮತ್ತೆ ಆ ಹಳ್ಳಿಗೆ ಹೊರಟೆ. ನಾನು ಅಭಿಷೇಕಕ್ಕೆಂದು ಎಳನೀರು ಹಿಡಿದು ದೇವಸ್ಥಾನಕ್ಕೆ ಹೋದೆ. ಸಾಲು ರಸ್ತೆಯವರೆಗೂ ಬಂದಿತ್ತು. ತಲೆಗಳ ನಡುವೆ ದೀಪವೊಂದು ಕಂಡಿತಷ್ಟೆ. ಎಳನೀರು ನನ್ನ ಕೈಯಲ್ಲೇ ಉಳಿಯಿತು. ಮನೆಗೆ ಬಂದರೆ, ಮೇಜಿನ ಮೇಲೆ ಆ ಕಲ್ಲು.

ಮಡಿಯಲ್ಲಿದ್ದೆನಲ್ಲ— ಕೊಳೆ ಕೈ ತಾಗಬಾರದೆಂದು ತಾನೇ ನೀನು ಹೇಳಿದ್ದು ಎಂದುಕೊಂಡೆ. ಬಾಳೆಲೆಯ ಮೇಲಿಟ್ಟು ನಿಧಾನವಾಗಿ ಎರೆದೆ. ಎರೆದದ್ದೆಲ್ಲ ಕೆಳಗೆ ಹರಿಯಲಿಲ್ಲ, ಬಿರುಕುಗಳು ಕುಡಿದುಕೊಂಡವು. ಮೈ ಜುಂ ಎಂದಿತು. ಭೂಮಿ ಹುಟ್ಟುವ ಮೊದಲಿನಿಂದ ಒಂದು ದೀಪವನ್ನೂ ಕಾಣದೆ ಕತ್ತಲಲ್ಲಿ ಅಲೆದದ್ದು, ನಮ್ಮ ಮನೆಗೆ ಬಂದು ಕುಳಿತಿದೆ... ಕಣ್ಣು ತುಂಬಿತು. ಒರೆಸಿ, ಹತ್ತಿಯ ಮೇಲೆ ಇದ್ದ ಹಾಗೆಯೇ ಇಟ್ಟೆ.

ಆ ಬಿರುಕುಗಳಲ್ಲೇ ನಿನಗೆ ನೀರು ಆರಿದ ಮೇಲೆ ಉಳಿಯುವಂಥ ಉಪ್ಪು ಸಿಕ್ಕಿತು. ಈ ಕಲ್ಲು ಯಾವ ಲೋಕದಿಂದ ಒಡೆದು ಬಂದಿತೋ ಅಲ್ಲಿ ಒಮ್ಮೆ ನೀರಿತ್ತು ಎಂದು ಬರೆದೆ. ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಯಾರು ಯಾರೋ ದೂರದವರು ನಿನ್ನ ಮಾತಿನ ಮೇಲೆ ತಮ್ಮ ಮಾತು ಕಟ್ಟಿದರು. ನೀನು ಮೈಸೂರು ಪಾಕ್ ತಂದೆ, ನಾನು ದೇವರ ಮುಂದಿಟ್ಟೆ. ಎಳನೀರಿನ ನೆನಪು ನನಗೆ ಬರಲೇ ಇಲ್ಲ— ಅಂದು.

ಕೆಲವು ವರ್ಷಗಳ ಮೇಲೆ, ಎರಡನೇ ಸಲ ನೀನು ಆಯ್ದು ತಂದ ಚೂರುಗಳನ್ನು ಬೇರೆಯವರು ಪರೀಕ್ಷಿಸಿದರು. ಉಪ್ಪಿರಲಿಲ್ಲ. ನೀನು ಯಂತ್ರ ಬಿಚ್ಚಿ ನೋಡಿದೆ, ಗಾಜಿನ ಸಾಮಾನು ಬದಲಿಸಿದೆ, ಸೊರಗಿದೆ. ಒಂದು ದಿನ ಊಟಕ್ಕೆ ಕುಳಿತು ಕೇಳಿದೆ: "ಅಕ್ಕಾ, ಶಿವರಾತ್ರಿ ದಿನ ಆ ಕಲ್ಲನ್ನ ಯಾರಾದ್ರೂ ಮುಟ್ಟಿದ್ರಾ?"

ಆಗ ಹೊಳೆಯಿತು— ಆ ಉಪ್ಪು ನಾನು ಎರೆದ ಎಳನೀರಿನದು. ಸಾರು ಬಡಿಸುತ್ತಿದ್ದ ಸೌಟು ಅಲುಗಲೂ ಇಲ್ಲ.

"ಇಲ್ಲಪ್ಪ. ಯಾರು ಮುಟ್ತಾರೆ?"

"ಸರಿ. ಹಂಗಾದ್ರೆ ತಪ್ಪು ನನ್ನದೇ."

ನೀನು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ— ಗೊತ್ತಿಲ್ಲ, ಆಗಲೂ ಇಲ್ಲವೆನ್ನುತ್ತಿದ್ದೆನೇನೋ.

ಅದೇ ಪತ್ರಿಕೆಯಲ್ಲಿ ನೀನು ಲೇಖನ ಹಿಂತೆಗೆದುಕೊಂಡ ಪುಟವನ್ನು ನಿನ್ನ ಶಿಷ್ಯೆ ವಸುಧಾ ಹೋದ ವಾರ ನನಗೆ ಕನ್ನಡದಲ್ಲಿ ಓದಿ ಹೇಳಿದಳು. "ತಪ್ಪು ನನ್ನ ಕಡೆಯದು, ಕಾರಣ ತಿಳಿಯಲಿಲ್ಲ, ಇದನ್ನು ಯಾರೂ ನಂಬಿ ಮುಂದುವರಿಯಬಾರದು"— ಅಷ್ಟೇ. ಮಂಗಳನ ನದಿಗಳ ಬಗ್ಗೆ ನೀನು ಬರೆದದ್ದು ಇಂದಿಗೂ ಗಟ್ಟಿಯಾಗಿ ನಿಂತಿದೆಯಂತೆ. ಆದರೆ ತಾನು ಪ್ರತಿ ವರ್ಷ ಹೊಸ ಹುಡುಗರಿಗೆ ಮೊದಲು ಓದಿಸುವುದು ಈ ಪುಟವನ್ನೇ ಎಂದಳು. ಹಿಂತೆಗೆದುಕೋ ಎಂದು ನಿನ್ನನ್ನು ಯಾರೂ ಒತ್ತಾಯಿಸಿರಲಿಲ್ಲವಂತೆ. ನಾನು ಎದ್ದು ಅಡುಗೆಮನೆಗೆ ಹೋಗಿ ನಿಂತೆ. ಆಕಾಶದಿಂದ ಬಿದ್ದದ್ದರ ಮುಂದೆ ಕೈ ಮುಗಿದವಳು, ಮನೆಯಲ್ಲೇ ಇದ್ದದ್ದನ್ನು ನೋಡಿರಲಿಲ್ಲ.

ನಿನ್ನ ಬರಹಗಳನ್ನೆಲ್ಲ ಸೇರಿಸಿ ವಸುಧಾ ಪುಸ್ತಕ ಮಾಡುತ್ತಿದ್ದಾಳೆ. ನಾಳೆ ಬೆಳಿಗ್ಗೆ ಬರುತ್ತಾಳೆ. ಕಾಫಿ ಕೊಡುವ ಮೊದಲೇ ಹೇಳುತ್ತೇನೆ. ಕೊಟ್ಟರೆ ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ಕಾರಣ ತಿಳಿಯಲಿಲ್ಲ ಎಂದು ನೀನು ಬರೆದ ಸಾಲಿನ ಕೆಳಗೆ ನನ್ನ ಹೆಸರು ಹಾಕಮ್ಮ ಎನ್ನುತ್ತೇನೆ.