ಯಜಮಾನರು ಕೂರದ ಕುರ್ಚಿ

ಬಾರಾಓನಾ ಪಟ್ಟಣದ ಟೀವಿಯಲ್ಲಿ ಸಂಜೆಯ ವಾರ್ತೆ ಓದುತ್ತಿದ್ದ ನೆರೈಡಾ ಕ್ವೇವಾಸ್ ಮೊದಲ ಸಲ ಬಿದ್ದದ್ದು ಚಂಡಮಾರುತದ ಸುದ್ದಿ ಓದುವಾಗ. "ಕಡಲ ದಂಡೆಯ ಜನ ಎಚ್ಚರದಿಂದ" ಎನ್ನುವಷ್ಟರಲ್ಲಿ ಕುರ್ಚಿಯ ಕಾಲು ಮುರಿದು ಅವಳು ಮೇಜಿನಡಿ ಮಾಯವಾದಳು. ಕ್ಯಾಮೆರಾಕ್ಕೆ ಕಂಡದ್ದು ಮೇಲೆದ್ದ ಒಂದು ಚಪ್ಪಲಿ ಮಾತ್ರ. ನೇರ ಪ್ರಸಾರ, ಮುಚ್ಚಿಡುವುದಾದರೂ ಹೇಗೆ? ಕೂದಲು ಸರಿಮಾಡಿಕೊಂಡು ಎದ್ದು, ಉಳಿದದ್ದನ್ನು ನಿಂತೇ ಓದಿದಳು. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು.

ಮುರಿದ ಕಾಲಿಗೆ ಹಗ್ಗ ಬಿಗಿದು ಅದೇ ಕುರ್ಚಿಯನ್ನು ಮತ್ತೆ ಇಟ್ಟರು, ಆಮೇಲೆ ಬೀಳುವುದು ನಿಲ್ಲಲೇ ಇಲ್ಲ. ಒಮ್ಮೆ ಹಿಂದಿನ ಭೂಪಟ ಕಳಚಿ ತಲೆಯ ಮೇಲೆ ಬಿತ್ತು. ಇನ್ನೊಮ್ಮೆ ಸಾವಿನ ಸುದ್ದಿಯ ನಡುವೆಯೇ ಕುರ್ಚಿ ಕುಸಿಯಿತು. ಸತ್ತವನ ಹೆಂಡತಿ ಮಾರನೆಯ ದಿನ ದಾರಿಗೆ ಅಡ್ಡ ನಿಂತಳು. "ನನ್ನ ಗಂಡನ ಹೆಸ್ರು ಹೇಳೋವಾಗ್ಲೇ ಮಂಗನಾಟ ಆಡ್ಬೇಕಿತ್ತಾ?"

ನೆರೈಡಾ ನೇರ ಸ್ಟುಡಿಯೋಗೆ ಹೋಗಿ ಬಡಗಿ ಫೆರ್ಮಿನ್‌ನನ್ನು ಹಿಡಿದಳು.

"ಒಂದು ಕುರ್ಚಿ ರಿಪೇರಿ ಮಾಡಕ್ಕೆ ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ?"

"ನನ್ನ ಬೈಬೇಡ ಅಕ್ಕ," ಎಂದ ಫೆರ್ಮಿನ್, ತಲೆ ಎತ್ತದೆ. "ಮೊಳೆ ಹೊಡೆಯಕ್ಕೆ ಹೋದ್ರೆ ಯಜಮಾನ್ರೇ ಬೇಡ ಅಂದ್ರು. ಅವಳು ಬಿದ್ದ ದಿನ ಊರೆಲ್ಲ ನಮ್ಮನ್ನೇ ನೋಡತ್ತೆ, ಬೀಳ್ಲಿ ಬಿಡು ಅಂದ್ರು."

ನೆರೈಡಾಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬಾಣಂತನ ಮುಗಿಯುವ ಮುಂಚೆಯೇ ಬಂದು ವಾರ್ತೆ ಓದಿದ್ದಳು, ಬಿರುಗಾಳಿಗೆ ಮನೆಯ ತಗಡು ಹಾರಿಹೋದ ದಿನವೂ ಓದಿದ್ದಳು. ಯಜಮಾನರಿಗೆ ಬೇಕಾಗಿದ್ದದ್ದು ಅವಳು ಬೀಳುವುದು ಮಾತ್ರ!

ಅದೇ ವಾರ, ಚಾನೆಲ್ಲಿನ ವಾರ್ಷಿಕೋತ್ಸವದಂದು, ಯಜಮಾನ ಎಲಿಹಿಯೊ ಮಾತೋಸ್ ಹೂಗುಚ್ಛ ಹಿಡಿದು ವಾರ್ತೆಯ ನಡುವೆಯೇ ಬಂದ. "ನಮ್ಮೂರನ್ನ ನಗಿಸೋ ನೆರೈಡಾ!" ಎಂದು ಕ್ಯಾಮೆರಾಕ್ಕೆ ಹಲ್ಲು ಕಿರಿದ.

ನೆರೈಡಾ ಎದ್ದು ಕುರ್ಚಿಯನ್ನು ಅವನೆಡೆಗೆ ತಿರುಗಿಸಿದಳು. "ಬನ್ನಿ ಯಜಮಾನ್ರೆ, ಇವತ್ತು ನೀವು ಕೂತ್ಕೊಳ್ಳಿ."

"ಛೆ ಛೆ, ಅದು ನಿನ್ನ ಜಾಗ."

"ಪರವಾಗಿಲ್ಲ, ಕೂತ್ಕೊಳ್ಳಿ."

ಅವನು ಕುರ್ಚಿಯ ಕಾಲು ನೋಡಿದ, ಕ್ಯಾಮೆರಾ ನೋಡಿದ. ಹಣೆಯಲ್ಲಿ ಬೆವರು. "ನಂಗೆ ಸೊಂಟ ನೋವು ಕಣಮ್ಮ."

"ನಂಗೂ ಇದೆ, ನಿಮ್ಮ ದಯೆಯಿಂದ. ಮುರಿದಿದೆ ಅಂತ ಗೊತ್ತು, ಅದಕ್ಕೇ ನೀವು ಕೂರ್ತಿಲ್ಲ. ಗೊತ್ತಿದ್ದೂ ನನ್ನ ದಿನಾ ಕೂರಿಸ್ತಿದ್ರಿ!"

ಪ್ರಸಾರ ನಿಲ್ಲಿಸುವಂತೆ ಯಜಮಾನ ಕೈಸನ್ನೆ ಮಾಡಿದ. ಕ್ಯಾಮೆರಾದವನು ಕಂಡೂ ಕಾಣದವನಂತೆ ನಿಂತ. ನೆರೈಡಾ ಮೈಕು ಕಿತ್ತು ಮೇಜಿನ ಮೇಲೆ ಕುಕ್ಕಿ ಹೊರಟುಹೋದಳು.

ಕೆಲಸ ಹೋಯಿತು. ಮಾತೋಸನಿಗೆ ಹೆದರಿ ರೇಡಿಯೊದವರೂ ಸೇರಿಸಿಕೊಳ್ಳಲಿಲ್ಲ. ಅವಳ ಜಾಗಕ್ಕೆ ಬಂದ ಹುಡುಗಿಗೆ ಹೊಸ ಕುರ್ಚಿಯಂತೆ. ನೆರೈಡಾ ಈಗ ತಂಗಿಯ ಜೊತೆ ಸಂತೆಯಲ್ಲಿ ಬಾಳೆಕಾಯಿ ಮಾರುತ್ತಾಳೆ. ಆ ಸಂಜೆಯ ದೃಶ್ಯಕ್ಕೂ ಯಾರೋ ಕೋಡಂಗಿ ಸಂಗೀತ ಸೇರಿಸಿ ಮೊಬೈಲಿನಲ್ಲಿ ಹರಿಬಿಟ್ಟಿದ್ದಾರೆ.

"ಅಕ್ಕಾ, ಯಜಮಾನನ ಮುಖ ನೋಡಿ ಬಿದ್ದೂ ಬಿದ್ದೂ ನಕ್ವಿ!" ಎಂದ ಒಬ್ಬ ಗಿರಾಕಿ.

"ನಗೋ ಅಂಥದ್ದು ಏನಿತ್ತೋ ಅದ್ರಲ್ಲಿ?" ಎಂದು ಗುಡುಗಿ, ನೆರೈಡಾ ಗೊನೆಗೆ ಕತ್ತಿ ಬೀಸಿದಳು.