ಬೆಳಕಿಂಡಿಯ ಗಿಲಾವ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಭಾಲ್ಕಿಯಲ್ಲಿ ಬಿಎಸ್ಸಿ ಮುಗಿಸಿ, ಬೀದರಿನ ಮೈಲೂರಿನಲ್ಲಿ ಬಾಡಿಗೆ ಖೋಲಿ ಹಿಡಿದು ಎಂಎಸ್ಸಿ ಓದುತ್ತಿದ್ದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮವ್ವ ಮಾತ್ರ ಆ ಹೆಮ್ಮೆಗೆ ಕವಡೆ ಕಿಮ್ಮತ್ತೂ ಕೊಡುತ್ತಿರಲಿಲ್ಲ.

ಮಳೆ ಕೈಕೊಟ್ಟ ವರ್ಷಗಳವು. ಠಾಣಾ ಕುಶನೂರಿನಲ್ಲಿ ತೊಗರಿ ಹೂವಿಗೆ ಬರುವ ಮೊದಲೇ ಒಣಗುತ್ತಿತ್ತು. ದೀಪಾವಳಿ ದಾಟಿತೆಂದರೆ ಅಪ್ಪ, ಅವ್ವ ಹೈದರಾಬಾದಿನ ಕಡೆ ಇಟ್ಟಿಗೆ ಭಟ್ಟಿಗೆ ಹೋಗುವರು, ಮಳೆಗಾಲದ ಹೊತ್ತಿಗೆ ತಿರುಗಿ ಬರುವರು. ಅಲ್ಲಿ ಭಟ್ಟಿಯ ಹೊಗೆ, ಇಲ್ಲಿ ಒಲೆಯ ಹೊಗೆ. ಅವ್ವನ ಎದೆ ಸೀಟಿ ಹೊಡೆಯತೊಡಗಿತು. ಬೀದರಿನ ದವಾಖಾನೆಗೆ ಕರೆದುಕೊಂಡು ಹೋದೆ. ಶ್ವಾಸನಾಳದ ಗೋಡೆ ಒಳಗೊಳಗೇ ದಪ್ಪಗಾಗುತ್ತಿದೆ, ದಿನಾ ಎರಡು ಹೊತ್ತು ಬಾಯಿಗೆ ಔಷಧದ ಪಂಪು ಹೊಡೆದುಕೊಳ್ಳಬೇಕು, ಬಿಟ್ಟರೆ ಉಸಿರಿಗೆ ದಾರಿಯೇ ಉಳಿಯುವುದಿಲ್ಲ ಎಂದರು ಡಾಕ್ಟರು.

ಅವ್ವ ಊರಿಗೆ ಬಂದವಳೇ ಪಂಪನ್ನು ಜೋಳದ ಗಡಿಗೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದಳು.

"ಆರಾಮ ಇದ್ದಾಗ ಔಷಧ ತಗೋಳವರಿಗಿ ಹುಚ್ಚರು ಅಂತಾರ. ತ್ರಾಸಾದಾಗ ತಗೋತೇನಿ."

ಲಗ್ನಕ್ಕೆ ಉಡುವ ಸೀರೆಯ ಹಾಗೆ ಅದನ್ನು ಜೋಪಾನ ಮಾಡಿದಳು. ಪಕ್ಕದ ಮನೆಯ ಕಾಕು ಕೆಮ್ಮಿದಾಗ ಮಾತ್ರ ಹೊರತೆಗೆದು, ಪ್ರಸಾದದಂತೆ ಆಕೆಗೂ ಒಂದು ಸಲ ಕೊಟ್ಟಿದ್ದಳಂತೆ!

ಓದಿದ್ದು ಇದ್ದೇ ಇತ್ತಲ್ಲ, ಬಳಪ ಹಿಡಿದು ನೆಲದ ಮೇಲೆ ನಾಳದ ಚಿತ್ರ ಬರೆದೆ.

"ಅವ್ವಾ, ಹೊಗಿ ಬಡದು ಬಡದು ಒಳಗಿನ ಗೋಡಿಗಿ ಗಾಯ ಆಗ್ತದ. ಗಾಯ ಆದಲ್ಲಿಂದ ಬೆಳವಣಿಗೆ ಅಂಶ ಅಂತ ಹೊಂಟು, 'ಇಲ್ಲಿ ಒಡದದ, ಲಗೂನ ಕಟ್ಟರಿ' ಅಂತ ಸುದ್ದಿ ಮುಟ್ಟಸ್ತಾವ. ಆವಾಗ ಸ್ನಾಯು ಬೆಳೀತದ, ನಾರು ಬೆಳೀತದ, ನಾಳ ಸಣ್ಣ ಆಗ್ತದ."

"ಹೊಲದಾಗ ತೊಗರಿ ಬೆಳೀಲಿಲ್ಲ, ಜ್ವಾಳ ಬೆಳೀಲಿಲ್ಲ. ಬೆಳೀಲಾಕ ಅದಕ್ಕ ನನ್ನ ಎದಿನೇ ಸಿಕ್ತೇನ?"

ಅಂಗಳದಿಂದ ಅಪ್ಪನ ದನಿ ಬಂತು: "ಎಕರೆಗಿ ಎಷ್ಟು ಚೀಲ ಬರ್ತದ, ಕೇಳು ಆಕಿಗಿ."

ಇಬ್ಬರೂ ನಕ್ಕರು. ಅವ್ವ ನಗುತ್ತಲೇ ಕೆಮ್ಮಿ ಗೋಡೆ ಹಿಡಿದುಕೊಂಡಳು. ಕೆಮ್ಮು ನಿಂತ ಮೇಲೆ ಒಲೆ ಹಚ್ಚಿದಳು. ಮನೆಯೆಲ್ಲ ಹೊಗೆ. ಕಣ್ಣೊರೆಸಿಕೊಂಡು ಮೇಲೆ ನೋಡಿದೆ.

ಒಲೆಯ ನೆತ್ತಿಗೆ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ನಾನು ಸಣ್ಣವಳಿದ್ದಾಗ ಅದರಲ್ಲಿ ನನ್ನ ತಲೆ ತೂರುತ್ತಿತ್ತು. ಈಗ ಸಾರಿನ ಬಟ್ಟಲು ಹಿಡಿಸುವುದೂ ಕಷ್ಟ. ಭಟ್ಟಿಗೆ ಹೊರಡುವ ಹಿಂದಿನ ದಿನ, ಬೆಕ್ಕು ಇಳಿಯದಿರಲೆಂದು ಅಪ್ಪ ಮಣ್ಣು, ಸಗಣಿ ಕಲಸಿಕೊಡುವನು, ಅವ್ವ ಗಿಲಾವ ಮಾಡಿ ಅದನ್ನು ಮುಚ್ಚುವಳು. ತಿರುಗಿ ಬಂದಾಗ ಅಪ್ಪ ನಡುವೆ ತೂತು ಹೊಡೆಯುವನು, ಅಂಚಿನ ಗಿಲಾವ ಹಾಗೇ ಉಳಿಯುವುದು. ಒಲೆಯ ಕಾವಿಗೆ ಆ ಅಂಚು ಬಿರುಕು ಬಿಟ್ಟರೆ ಮತ್ತೆ ಗಿಲಾವ. ಅವ್ವನಿಗೆ ಬಿರುಕು ಕಂಡರೆ ಕೈ ತುರಿಸುತ್ತಿತ್ತು.

ಅಪ್ಪನ ಹಾರೆ ಹಿಡಿದು ಮಾಳಿಗೆ ಹತ್ತಿ ಒಂದು ಪೆಟ್ಟು ಹಾಕಿದೆ. ರೊಟ್ಟಿಯಗಲದ ಹೆಂಟೆ ಕಳಚಿ ನೆಟ್ಟಗೆ ಬೇಳೆಯ ಗಡಿಗೆಗೆ ಬಿತ್ತು.

"ಎಂಎಸ್ಸಿ ಕಲ್ತು ಮನಿ ಕೆಡವಲಾಕ ಬಂದೇನ, ಹಾಟ್ಯಾನಾಕಿ!"

ಇಳಿದು ಬಂದು ಆ ಹೆಂಟೆ ಒರೆಸಿ ತೋರಿಸಿದೆ. ಪದರದ ಮೇಲೆ ಪದರ, ಕೆಂಪು, ಕಪ್ಪು, ಮತ್ತೆ ಕೆಂಪು. ಅವ್ವ ಸಿಟ್ಟು ಮರೆತು ಬೆರಳಿಟ್ಟಳು. "ಇದು ನೀ ಹತ್ತನೇತ್ತಿ ಪಾಸಾದ ವರ್ಷದ್ದು. ನೋಡು, ಒಂದರೆ ಬಿರುಕು ಅದನ?"

"ಕೆಲಸ ಛಲೋ ಅದ. ಹೊಗಿ ಎಲ್ಲಿಂದ ಹೋಗಬೇಕು?"

ಅವ್ವ ಮೇಲೆ ನೋಡಿದಳು.

"ನಿನ್ನ ಎದಿಯಾಗೂ ನಿನ್ನಂಥಾಕಿನೇ ಒಬ್ಬಾಕಿ ಕುಂತಾಳ," ಎಂದೆ. "ಬಿರುಕು ಕಂಡ್ರೂ ಗಿಲಾವ, ಕಾಣದಿದ್ರೂ ಗಿಲಾವ."

"ಅಂದ್ರ ಮುಗೀತು," ಎಂದ ಅಪ್ಪ.

"ನೀವು ಸುಮ್ಮ ಕೂಡ್ರಿ," ಎಂದು ಅವ್ವ ನನ್ನತ್ತ ತಿರುಗಿದಳು. "ಅದಕ್ಕೂ ಹಾರಿ ಹಾಕಿ ತಗೀಲಾಕ ಬರಂಗಿಲ್ಲೇನ?"

"ಇಲ್ಲವ್ವಾ. ಹಚ್ಚಿದ್ದು ಹಚ್ಚಿದ್ದೇ. ಹೊಸಾದು ಹಚ್ಚದಂಗ ಆಕಿಗಿ ಸುಮ್ಮ ಕೂಡ್ಸಬೇಕು. ಪಂಪು ಅಷ್ಟು ಮಾಡಿದ್ರೂ ಸಾಕು."

"ತ್ರಾಸಾದಾಗ ಕೂಡ್ಸಿದ್ರ?"

"ಅಷ್ಟರಾಗ ಆಕಿ ಗಿಲಾವ ಮುಗಿಸಿ ಕೈ ತೊಳಕೊಂಡಿರ್ತಾಳ."

ಅವ್ವ ತನ್ನ ಕೈಯನ್ನೇ ನೋಡಿಕೊಂಡಳು. "ಖರೇ. ನಾ ಅಂತೂ ಸುಮ್ಮ ಕೂಡಂಗಿಲ್ಲ," ಎಂದವಳು ಎದ್ದು ಹೋಗಿ ಜೋಳದ ಗಡಿಗೆಯ ಬಟ್ಟೆ ಬಿಚ್ಚಿದಳು.

ಆ ವರ್ಷ ದೀಪಾವಳಿ ದಾಟಿದ ಮೇಲೆ ಅಪ್ಪ ಎಂದಿನಂತೆ ಬೆಳಕಿಂಡಿಗೆಂದು ಮಣ್ಣು ಕಲಸಿದ. "ಮುಚ್ಚಬ್ಯಾಡ್ರಿ," ಎಂದಳಂತೆ ಅವ್ವ. "ಎರಡೂ ಕಡಿ ಹೊಗಿ ಕುಡೀಲಾಕ ನನಗ ಆಗಂಗಿಲ್ಲ. ನಾ ಇಲ್ಲೇ ಇರ್ತೇನಿ." ಅಪ್ಪ ಒಬ್ಬನೇ ಭಟ್ಟಿಗೆ ಹೋದ.

ವಾರ ಕಳೆದಿರಲಿಲ್ಲ, ಕಾಕುವಿನ ಫೋನಿನಿಂದ ಅವ್ವ ಮಾತಾಡಿದಳು. ನಾನು ದೊಡ್ಡದು ಮಾಡಿದ ಬೆಳಕಿಂಡಿಯಿಂದ ಬೆಕ್ಕು ಇಳಿದು ಹಾಲೆಲ್ಲ ಕುಡಿದಿತ್ತು. ಬೆಕ್ಕಿಗೆ, ನನಗೆ, ನನ್ನ ಎಂಎಸ್ಸಿಗೆ, ಸಾಲಿ ಕಲಿಸಿದ ಅಪ್ಪನಿಗೆ, ಒಬ್ಬರನ್ನೂ ಬಿಡದೆ ಬೈದಳು. "ಕೈ ತುರಸ್ಲಾಕತ್ತಾವ, ಗಿಲಾವ ಹಚ್ಚದೆ ಕುಂತೇನಿ ನೋಡು!"

ಅಷ್ಟನ್ನೂ ನಡುವೆ ಎಲ್ಲೂ ಕೆಮ್ಮದೆ, ಏದುಸಿರು ಬಿಡದೆ ಬೈದಿದ್ದಳು. ನಾನು ಫೋನನ್ನು ಕಿವಿಗೊತ್ತಿ, "ಮತ್ತ ಏನ್ ಮಾಡ್ತವ್ವಾ ಆ ಬೆಕ್ಕು?" ಎಂದು ಕೇಳಿದೆ.